ನಮಗೆ 120, ಹಳ್ಳದಾಚೆಗೆ 40, ಮೊಬೈಲಿನಲ್ಲಿ 80

ಮೂಡಿಗೆರೆ ಕಡೆಯ ಕಾಫಿ ತೋಟದ ಮನೆಗೆ ಹೋದರೆ ಕೈಗೆ ಕಾಫಿ ಬರುವ ಮೊದಲೇ ಮಳೆಯ ಮಾತು ಬರುತ್ತದೆ. ‘ನಿಮ್ಮಲ್ಲಿ ಎಷ್ಟಾಯ್ತು?’ ಅಂದರೆ ಮಳೆ ಎಷ್ಟಾಯ್ತು ಅಂತಲೇ ಅರ್ಥ. ಉತ್ತರ ಇಂಚು, ಸೆಂಟ್ಸುಗಳಲ್ಲಿ ಇರುತ್ತದೆ. ನೂರು ಸೆಂಟ್ಸಿಗೆ ಒಂದು ಇಂಚು. ಅಂಗಳದಂಚಿನಲ್ಲಿ ಮಳೆ ಮಾಪಕ, ಒಳಗೆ ಮೊಳೆಗೆ ನೇತುಹಾಕಿದ ಮಳೆ ಪುಸ್ತಕ. ಕಾಫಿಯ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದರ ಹಿಂದೆಯೇ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಸಿಕ್ಕಿತೋ ಇಲ್ಲವೋ, ಅದರ ಮೇಲೆ ಇಡೀ ವರ್ಷದ ಫಸಲು ನಿಂತಿರುವಾಗ ಈ ಲೆಕ್ಕದಲ್ಲಿ ಯಾರೂ ಉದಾಸೀನ ಮಾಡುವುದಿಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದವರು ಒಂದು ಪ್ರಶ್ನೆ ಕೇಳಿದರು. ‘ಮೊಬೈಲು 20 ಮಿಲಿಮೀಟರ್ ಅಂತ ತೋರಿಸ್ತು. ಅಂದ್ರೆ ಹತ್ತಿರ ಹತ್ತಿರ 80 ಸೆಂಟ್ಸ್. ನನಗೆ ಬಿದ್ದದ್ದು 120. ಹಳ್ಳದಾಚೆ ತೋಟಕ್ಕೆ 40. ಎರಡೂ ಕಡೆ ತಪ್ಪಾಯ್ತಲ್ಲ, ಈ ಲೆಕ್ಕ ಯಾರು ಮಾಡ್ತಾರೆ?’ ಗಣಿತ ಪಾಠ ಮಾಡುವವನಾದ್ದರಿಂದ ಪ್ರಶ್ನೆ ನನ್ನ ಪಾಲಿಗೆ ಬಂತು. ಆವತ್ತು ಅರ್ಧ ಗಂಟೆಯಲ್ಲಿ ಹೇಳಿದ್ದು ಸಾಲಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಗಾಳಿ, ನೀರು ಹೇಗೆ ಚಲಿಸುತ್ತವೆ ಎನ್ನುವ ನಿಯಮಗಳು ಗೊತ್ತಾಗಿ ಬಹಳ ಕಾಲವಾಯಿತು. 1757ರಲ್ಲಿ ಆಯ್ಲರ್ ಬರೆದದ್ದಕ್ಕೆ 1822ರಲ್ಲಿ ನೇವಿಯರ್, 1845ರಲ್ಲಿ ಸ್ಟೋಕ್ಸ್ ಅಂಟುಗುಣದ ಲೆಕ್ಕವನ್ನು ಸೇರಿಸಿದರು. ತೊಂದರೆ ಏನೆಂದರೆ, ತೀರಾ ಸರಳವಾದ ಕೆಲವು ಸಂದರ್ಭಗಳನ್ನು ಬಿಟ್ಟರೆ ಆ ಸಮೀಕರಣಗಳನ್ನು ಕಾಗದ ಪೆನ್ನು ಹಿಡಿದು ಬಿಡಿಸಲು ಆಗುವುದಿಲ್ಲ. ಅವುಗಳಿಗೆ ಎಲ್ಲ ಕಾಲಕ್ಕೂ ಒಡೆದುಹೋಗದ ಉತ್ತರ ಇದ್ದೇ ಇರುತ್ತದೆಯೇ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನಿಸಿದವರಿಗೆ ಹತ್ತು ಲಕ್ಷ ಡಾಲರ್ ಬಹುಮಾನವನ್ನು ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಘೋಷಿಸಿದೆ. ಅಲ್ಲಿಯವರೆಗೆ ಮಳೆ ಕಾಯುವುದಿಲ್ಲ. ಹಾಗಾಗಿ ಗಣಿತದವರು ಇನ್ನೊಂದು ದಾರಿ ಹಿಡಿದರು: ಜಗತ್ತನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ಒಂದೊಂದು ಸಂಖ್ಯೆ ಬರೆದು, ‘ನಿನ್ನ ಅಕ್ಕಪಕ್ಕದವರನ್ನು ನೋಡಿಕೊಂಡು ನಿನ್ನ ಸಂಖ್ಯೆ ಬದಲಿಸಿಕೋ’ ಎಂದು ಹೇಳುವುದು. ಹವಾಮಾನದ ಮುನ್ಸೂಚನೆಯಾಗಲಿ, ಅಣೆಕಟ್ಟೆಯ ನೀರಾಗಲಿ, ಉಪಗ್ರಹದ ಫೋಟೋದಿಂದ ಮೋಡ ಹುಡುಕುವುದಾಗಲಿ, ಒಳಗೆ ನಡೆಯುವುದು ಬಹುಪಾಲು ಇದೇ.

ನಮ್ಮ ಗದ್ದೆಯಲ್ಲೇ ಮಾಡಿ ನೋಡೋಣ. ಒಂದೇ ಮಟ್ಟದಲ್ಲಿ ಏಳು ಮಡಿಗಳು ಸಾಲಾಗಿವೆ. ಎಲ್ಲದರಲ್ಲೂ ನೀರು 20 ಮಿಲಿಮೀಟರ್, ನಡುವಿನದರಲ್ಲಿ ಮಾತ್ರ 100. ಬದುಗಳಲ್ಲಿ ಸಣ್ಣ ಕಂಡಿಗಳಿವೆ. ನಿಯಮ ಒಂದೇ: ಒಂದೊಂದು ಹೆಜ್ಜೆಗೂ ಅಕ್ಕಪಕ್ಕದ ಮಡಿಗಳ ನಡುವಿನ ವ್ಯತ್ಯಾಸದ ಕಾಲುಭಾಗ, ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯಲಿ.

ಮೊದಲ ಹೆಜ್ಜೆಯಲ್ಲಿ ನಡುವಿನ ಮಡಿಗೂ ಪಕ್ಕದ್ದಕ್ಕೂ ವ್ಯತ್ಯಾಸ 80. ಅದರ ಕಾಲುಭಾಗ 20 ಎಡಕ್ಕೆ, 20 ಬಲಕ್ಕೆ. ಸಾಲು ಹೀಗಾಗುತ್ತದೆ: 20, 20, 40, 60, 40, 20, 20. ಇನ್ನೊಂದು ಹೆಜ್ಜೆ ಇಟ್ಟರೆ 20, 25, 40, 50, 40, 25, 20. ಕೂಡಿಸಿ ನೋಡಿ, ಮೂರು ಸಲವೂ ಒಟ್ಟು 220. ನೀರು ಎಲ್ಲೂ ಹೋಗಿಲ್ಲ, ಹಂಚಿಕೊಂಡಿದೆ ಅಷ್ಟೆ. ಕಾದ ಬಂಡೆಯಲ್ಲಿ ಬಿಸಿ ಹರಡುವುದಕ್ಕೂ ಇದೇ ನಿಯಮ. ಅದನ್ನು 1822ರಲ್ಲಿ ಸಮೀಕರಣವಾಗಿ ಪ್ರಕಟಿಸಿದವನು ಫ್ರಾನ್ಸಿನ ಜೋಸೆಫ್ ಫೂರಿಯೆ. ಆ ಸಮೀಕರಣವನ್ನು ಎಂಜಿನಿಯರಿಂಗ್ ಓದಿದವರೆಲ್ಲ ಪರೀಕ್ಷೆಗೆ ಬರೆದಿರುತ್ತಾರೆ. ಏಳು ಮಡಿಗಳ ನೀರನ್ನು ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿದವರು ಕಡಿಮೆ. ನನ್ನ ವಿದ್ಯಾರ್ಥಿಗಳಿಗೆ ಮೊದಲು ಇದನ್ನು ಮಾಡಿಸಿ ಆಮೇಲೆ ಸಮೀಕರಣ ತೋರಿಸುತ್ತೇನೆ.

ಈಗ ಅವಸರ ಮಾಡೋಣ. ಕಾಲುಭಾಗ ಏಕೆ, ಒಂದೇ ಹೆಜ್ಜೆಯಲ್ಲಿ ಇಡೀ ವ್ಯತ್ಯಾಸ ಹರಿದುಬಿಡಲಿ ಎಂದುಕೊಳ್ಳಿ. ನಡುವಿನ ಮಡಿ ಎಡಕ್ಕೆ 80, ಬಲಕ್ಕೆ 80 ಕೊಡಬೇಕು. ಇರುವುದು 100. ಕೊಟ್ಟ ಮೇಲೆ ಉಳಿಯುವುದು ಮೈನಸ್ 60. ಪಕ್ಕದ ಮಡಿಗಳಲ್ಲಿ ತಲಾ 100. ಮುಂದಿನ ಹೆಜ್ಜೆಗೆ ನಡುವಿನದು 260ಕ್ಕೆ ಏರುತ್ತದೆ, ಪಕ್ಕದವು ಮೈನಸ್ 140ಕ್ಕೆ ಇಳಿಯುತ್ತವೆ. ಗದ್ದೆಯಲ್ಲಿ ಇಲ್ಲದ ನೀರು ಹರಿಯುತ್ತಿದೆ! ಇನ್ನೂ ನಾಲ್ಕು ಹೆಜ್ಜೆ ಹೋದರೆ ಸಂಖ್ಯೆಗಳು ಕಣ್ಣು ಕತ್ತಲೆ ಬರಿಸುತ್ತವೆ. ನನಗೆ ಮೊದಲ ಸಲ ಬೆರಗು ಹುಟ್ಟಿಸಿದ್ದು ಏನೆಂದರೆ, ಈಗಲೂ ಒಟ್ಟು 220ರಲ್ಲೇ ಇದೆ. ಕೂಡಿಸಿ ತಾಳೆ ನೋಡುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಿಯಮವೂ ಸರಿ, ಕೂಡು-ಕಳೆಯೂ ಸರಿ, ಆದರೂ ಉತ್ತರ ಶುದ್ಧ ಸುಳ್ಳು. ಇಂಥ ಉದ್ದನೆಯ ಸಾಲಿನಲ್ಲಿ ಹರಿಯುವ ಪಾಲು ವ್ಯತ್ಯಾಸದ ಅರ್ಧ ದಾಟಿದರೆ ಲೆಕ್ಕ ಕುದಿಯಲು ಶುರುವಾಗುತ್ತದೆ ಎಂದು ಸಾಧಿಸಬಹುದು.

ಅಲೆಗಳಿಗೂ ಇಂಥದೇ ಒಂದು ಲಗಾಮು ಇದೆ. ಕೂರಂಟ್, ಫ್ರೀಡ್ರಿಕ್ಸ್, ಲೂಯಿ ಎಂಬ ಮೂವರು ಅದನ್ನು 1928ರಲ್ಲಿ ಕಂಡುಹಿಡಿದರು. ಆಗ ಕಂಪ್ಯೂಟರ್ ಇನ್ನೂ ಹುಟ್ಟಿರಲಿಲ್ಲ. ಒಂದು ಹೆಜ್ಜೆಯ ಅವಧಿಯಲ್ಲಿ ಅಲೆ ಒಂದು ಚೌಕಕ್ಕಿಂತ ಹೆಚ್ಚು ದೂರ ಓಡಬಾರದು, ಅಷ್ಟೆ. ಮೂಡಿಗೆರೆ ತಾಲ್ಲೂಕಿನಲ್ಲೇ ಹುಟ್ಟಿ ಸಕಲೇಶಪುರದ ಮೇಲೆ ಹಾದು ಗೊರೂರಿನ ಜಲಾಶಯ ಸೇರುವ ಹೇಮಾವತಿಯನ್ನು ತೆಗೆದುಕೊಳ್ಳಿ. ನೀರಿನ ಆಳ 10 ಮೀಟರ್ ಇರುವ ಕಡೆ ಉದ್ದನೆಯ ಅಲೆ ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಸಾಗುತ್ತದೆ. ಚೌಕದ ಬದಿ 100 ಮೀಟರ್ ಎಂದು ಇಟ್ಟುಕೊಂಡರೆ, ಇಂಥ ನೇರ ವಿಧಾನದಲ್ಲಿ ಒಂದು ಹೆಜ್ಜೆ 10 ಸೆಕೆಂಡು ಮೀರುವಂತಿಲ್ಲ. ಒಂದು ದಿನದ ನೀರಿನ ಕಥೆ ಹೇಳಲು 8640 ಹೆಜ್ಜೆ. ಪ್ರತಿ ಹೆಜ್ಜೆಯಲ್ಲೂ ಪ್ರತಿ ಚೌಕವೂ ತನ್ನ ನೆರೆಯವರನ್ನು ಮಾತಾಡಿಸಬೇಕು.

ಚೌಕವನ್ನು ಸಣ್ಣದು ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ, ಬೆಲೆ ಏರುತ್ತದೆ. ಬದಿಯನ್ನು ಅರ್ಧ ಮಾಡಿದರೆ ಒಂದು ಚೌಕದ ಜಾಗದಲ್ಲಿ ನಾಲ್ಕು ಬರುತ್ತವೆ. ಹೆಜ್ಜೆಯೂ ಅರ್ಧವಾಗಬೇಕು. ಅಲ್ಲಿಗೆ ಕೆಲಸ ಎಂಟು ಪಟ್ಟು. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರದಲ್ಲಿ ಚಾರ್ನಿ, ಫ್ಯೋರ್ಟೊಫ್ಟ್, ಫಾನ್ ನಾಯ್ಮನ್ ಸೇರಿ ಕಂಪ್ಯೂಟರಿನ ಮೊದಲ ಹವಾಮಾನ ಮುನ್ಸೂಚನೆ ಮಾಡಿದಾಗ ಚೌಕದ ಬದಿ 700 ಕಿಲೋಮೀಟರಿಗೂ ಹೆಚ್ಚಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಹೆಚ್ಚುಕಡಿಮೆ ಒಂದೇ ಚೌಕದಲ್ಲಿ ಕೂರುವಷ್ಟು. 24 ಗಂಟೆಯ ಮುನ್ಸೂಚನೆಗೆ ಹಿಡಿದ ಕಾಲವೂ ಸುಮಾರು 24 ಗಂಟೆಯೇ! ಇಂದು ನಮ್ಮ ಹವಾಮಾನ ಇಲಾಖೆಯ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿಲೋಮೀಟರ್ ಚೌಕದಲ್ಲಿ ಲೆಕ್ಕ ಹಾಕುತ್ತದೆ. 2025ರ ಮೇ ತಿಂಗಳಲ್ಲಿ ಅದು ಬರುವ ಮುಂಚೆ ಇದ್ದದ್ದು 12 ಕಿಲೋಮೀಟರ್.

ಆರು ಕಿಲೋಮೀಟರ್ ಎಂದರೆ ಬಯಲುಸೀಮೆಯಲ್ಲಿ ದೊಡ್ಡ ವಿಷಯವಲ್ಲ. ಒಂದೇ ಚಪ್ಪಟೆ ಹೊಲ. ಮಲೆನಾಡಿನಲ್ಲಿ ಅದು ಬೇರೆಯದೇ ಲೋಕ. ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಸುಮಾರು 20 ಕಿಲೋಮೀಟರ್, ಅಷ್ಟರೊಳಗೆ ಮಳೆಗಾಲದ ಸ್ವಭಾವವೇ ಬದಲಾಗಿಬಿಡುತ್ತದೆ. ಇನ್ನು ಕಡೂರಿನವರ ಬಳಿ ನಮ್ಮ ಮಳೆಯ ಲೆಕ್ಕ ಹೇಳಿದರೆ ಒಂದೇ ಜಿಲ್ಲೆ ಎಂದು ನಂಬುವುದಿಲ್ಲ. ಮಾದರಿಯಲ್ಲಿ, ಅಂದರೆ ಮುನ್ಸೂಚನೆಯ ಈ ಕಂಪ್ಯೂಟರ್ ಲೆಕ್ಕದಲ್ಲಿ, ಒಂದು ಚೌಕಕ್ಕೆ ಒಂದೇ ಎತ್ತರ. ಗುಡ್ಡ, ಕಣಿವೆ, ಹಳ್ಳ ಎಲ್ಲ ಸೇರಿಸಿ ಸರಾಸರಿ. 1930 ಮೀಟರಿನ ಮುಳ್ಳಯ್ಯನಗಿರಿ ಆ ಎತ್ತರದಲ್ಲಿ ಕಂಪ್ಯೂಟರಿನೊಳಗೆ ಇರುವುದೇ ಇಲ್ಲ. ತಲೆ ತಟ್ಟಿಸಿಕೊಂಡು, ಸುತ್ತಲಿನ ಕಣಿವೆಗಳಿಗೆ ತನ್ನ ಎತ್ತರ ಹಂಚಿ ಕೂತಿರುತ್ತದೆ. ಘಟ್ಟದ ಕಡಿದಾದ ಗೋಡೆ ಇಳಿಜಾರಾಗುತ್ತದೆ. ಕಡಲಿನ ಕಡೆಯ ತೇವದ ಗಾಳಿ ಆ ಗೋಡೆ ಹತ್ತುವಾಗ ತಣಿದು ಸುರಿಯುವುದೇ ನಮ್ಮ ಮುಂಗಾರು ತಾನೆ? ಗೋಡೆ ಮೊಂಡಾದರೆ ಮಳೆಯೂ ಮೊಂಡಾಗುತ್ತದೆ. ನಮ್ಮ ಪಕ್ಕದ ತೋಟದವರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಅವರ ತೋಟ, ಹಳ್ಳ, ಆಚೆಯ ತೋಟ ಮೂರೂ ಒಂದೇ ಚೌಕದಲ್ಲಿವೆ.

ಉಳಿದ ಅರ್ಧಕ್ಕೆ ಮೊದಲು ರಿಚರ್ಡ್‌ಸನ್ನನ ಕಥೆ ಹೇಳಬೇಕು. ಅದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬಾರದು. ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ ಯುದ್ಧ ವಿರೋಧಿ. ಮೊದಲ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ ಫ್ರಾನ್ಸಿನಲ್ಲಿ ಗಾಯಾಳುಗಳ ಆಂಬುಲೆನ್ಸ್ ಓಡಿಸುತ್ತಿದ್ದ. ಬಿಡುವಿನಲ್ಲಿ ಕೂತು, ಯುರೋಪನ್ನು ಚೌಕ ಮಾಡಿ, 1910ರ ಮೇ 20ರ ಅಳತೆಗಳಿಂದ ಆರು ಗಂಟೆಯ ಹವಾಮಾನವನ್ನು ಕೈಯಲ್ಲಿ ಲೆಕ್ಕ ಹಾಕಿದ. ನಡುವೆ ಹಸ್ತಪ್ರತಿ ಕಳೆದುಹೋಗಿ ತಿಂಗಳುಗಳ ನಂತರ ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಅಡಿಯಲ್ಲಿ ಸಿಕ್ಕಿತು. ಲೆಕ್ಕದ ಉತ್ತರವೋ, ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದಿತ್ತು. ಆ ದಿನ ನಿಜಕ್ಕೂ ಒತ್ತಡ ಹೆಚ್ಚುಕಡಿಮೆ ಕದಲಿರಲಿಲ್ಲ. ಆ ಸೋಲನ್ನು ಅವನು ಮುಚ್ಚಿಡದೆ 1922ರಲ್ಲಿ ಹಾಗೇ ಪ್ರಕಟಿಸಿದ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

ಎಷ್ಟೋ ದಶಕಗಳ ಮೇಲೆ ಐರ್ಲೆಂಡಿನ ಹವಾಮಾನ ವಿಜ್ಞಾನಿ ಪೀಟರ್ ಲಿಂಚ್ ಅದೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮತ್ತೆ ಮಾಡಿದರು. ರಿಚರ್ಡ್‌ಸನ್ನನ ವಿಧಾನದ ತಿರುಳು ಸರಿಯಾಗಿಯೇ ಇತ್ತು. ಶುರುವಿನಲ್ಲಿ ಕೊಟ್ಟ ಅಳತೆಗಳಲ್ಲಿ ಗಾಳಿಗೂ ಒತ್ತಡಕ್ಕೂ ಹೊಂದಾಣಿಕೆ ಇರಲಿಲ್ಲ. ಆ ಒರಟುತನ ಸುಳ್ಳು ಅಲೆಗಳಾಗಿ ಎದ್ದು ಉತ್ತರವನ್ನು ನುಂಗಿತ್ತು. ಮೊದಲ ಅಳತೆಗಳನ್ನು ಸೋಸಿ ನಯಗೊಳಿಸಿ ಕೊಟ್ಟಾಗ ಅದೇ ಲೆಕ್ಕ ನಂಬುವಂಥ ಉತ್ತರ ಕೊಟ್ಟಿತು.

ಸೋಸುವುದು ಎಂದೊಡನೆ ನಾವು ಚಿತ್ರಗಳ ಲೋಕಕ್ಕೆ ಬಂದೆವು. ಫೋಟೋ ಎಂದರೇನು? ಅದೂ ಗದ್ದೆಯ ಮಡಿಗಳ ಹಾಗೆ ಚೌಕಗಳ ಸಾಲು, ಪ್ರತಿ ಪಿಕ್ಸೆಲ್ಲಿಗೂ ಬೆಳಕಿನ ಒಂದು ಸಂಖ್ಯೆ. ಕಪ್ಪಿಗೆ 0, ಬಿಳಿಗೆ 255. ಕಾಫಿ ಎಲೆಯ ಅಡಿಭಾಗದ ತುಕ್ಕು ರೋಗದ ಮಚ್ಚೆಯನ್ನು ಮರದ ನೆರಳಿನ ಮಂದ ಬೆಳಕಿನಲ್ಲಿ ತೆಗೆದಿದ್ದೀರಿ ಎನ್ನಿ. ಚಿತ್ರವೆಲ್ಲ ಮರಳು ಮರಳು. ಒಂದು ಸಾಲು ಹೀಗಿರಬಹುದು: 52, 50, 55, 51, 198, 202, 199. ಮೊದಲ ನಾಲ್ಕು ಎಲೆ, ಉಳಿದದ್ದು ಮಚ್ಚೆ. ಎಲೆಯ ಮೇಲಿನ 50, 55 ಎಂಬ ಸಣ್ಣ ಏರಿಳಿತ ಕ್ಯಾಮೆರಾದ ಗೊಂದಲ. ಅದನ್ನು ತೆಗೆಯಲು ನಮ್ಮ ಗದ್ದೆಯ ನಿಯಮವನ್ನೇ ಓಡಿಸಬಹುದು, ಬೆಳಕು ನೀರಿನಂತೆ ಹರಿದು ಸಮನಾಗಲಿ. ಆಗುತ್ತದೆ. ಆದರೆ ಎಲೆಯ ಅಂಚಿನ 51 ಇದ್ದದ್ದು 89ರ ಹತ್ತಿರಕ್ಕೆ ಏರುತ್ತದೆ, ಮಚ್ಚೆಯ 198 ಇದ್ದದ್ದು 162ಕ್ಕೆ ಇಳಿಯುತ್ತದೆ. ಗೊಂದಲದ ಜೊತೆ ಮಚ್ಚೆಯ ಅಂಚೂ ಕರಗಿತು. ಮಚ್ಚೆ ಎಷ್ಟು ದೊಡ್ಡದು ಎಂದು ಅಳೆಯಲು ಹೊರಟವರಿಗೆ ಬೇಕಾಗಿದ್ದದ್ದೇ ಆ ಅಂಚು.

1990ರಲ್ಲಿ ಪಿಯೆಟ್ರೊ ಪೆರೋನ ಮತ್ತು ಐಐಟಿ ಕಾನ್ಪುರದಲ್ಲಿ ಓದಿದ ಜಿತೇಂದ್ರ ಮಲಿಕ್ ಕೊಟ್ಟ ಪರಿಹಾರವನ್ನು ಗದ್ದೆಯ ಭಾಷೆಯಲ್ಲಿ ಹೇಳುವುದು ಬಹಳ ಸುಲಭ: ಮಟ್ಟದ ವ್ಯತ್ಯಾಸ ಸಣ್ಣದಿದ್ದ ಕಡೆ ಕಂಡಿ ತೆರೆದಿಡಿ, ದೊಡ್ಡದಿದ್ದ ಕಡೆ ಬದು ಕಟ್ಟಿ. 51ಕ್ಕೂ 55ಕ್ಕೂ ನಡುವೆ ನೀರು ಹರಿಯಲಿ, 51ಕ್ಕೂ 198ಕ್ಕೂ ನಡುವೆ ಬೇಡ. ಆಗ 51 ಇದ್ದದ್ದು 52 ಆಗುತ್ತದೆ, ಮಚ್ಚೆಯ ಅಂಚು ಅಲ್ಲಾಡುವುದಿಲ್ಲ. ಬದು ಎಲ್ಲಿ ಬೇಕು ಎನ್ನುವುದನ್ನು ಚಿತ್ರವೇ ಪ್ರತಿ ಹೆಜ್ಜೆಯಲ್ಲೂ ತೀರ್ಮಾನಿಸುತ್ತದೆ. ಇಡೀ ಗಣಿತದಲ್ಲಿ ನನಗೆ ಇಷ್ಟು ಹತ್ತಿರವಾದ ಕಲ್ಪನೆಗಳು ಕೆಲವೇ.

ಭೌತಶಾಸ್ತ್ರದ ಸಿಮ್ಯುಲೇಶನ್ (ನಿಯಮವನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡುವ ಲೆಕ್ಕ) ಮತ್ತು ಚಿತ್ರದ ವಿಶ್ಲೇಷಣೆ ಎರಡನ್ನೂ ಒಂದೇ ಮನೆಯ ಮಕ್ಕಳು ಎಂದು ನಾನು ಹೇಳುವುದು ಬರೀ ಹೋಲಿಕೆಗಾಗಿ ಅಲ್ಲ. ಅಮೆರಿಕದ ಸ್ಟ್ಯಾನ್ಲಿ ಓಶರ್ ಆಘಾತ ತರಂಗಗಳ ಲೆಕ್ಕದಲ್ಲಿ ಪಳಗಿದವರು. ಸ್ಫೋಟದಂಥ ಸಂದರ್ಭದಲ್ಲಿ ಗಾಳಿಯ ಒತ್ತಡ ಒಂದು ಕೂದಲೆಳೆಯ ಅಂತರದಲ್ಲಿ ಜಿಗಿಯುತ್ತದೆ. ಆ ಜಿಗಿತವನ್ನು ಮೊಂಡು ಮಾಡದೆ ಲೆಕ್ಕ ಹಾಕುವುದು ಕಷ್ಟ. ಫೋಟೋದ ಅಂಚೂ ಅಂಥದೇ ಜಿಗಿತ. 1988ರಲ್ಲಿ ಓಶರ್ ಮತ್ತು ಸೇಥಿಯನ್ ಬೆಂಕಿಯ ಮುಂಚೂಣಿಯಂಥ ಚಲಿಸುವ ಗಡಿಗಳನ್ನು ಹಿಂಬಾಲಿಸಲು ಒಂದು ವಿಧಾನ ಕಟ್ಟಿದರು. ಅದೇ ವಿಧಾನ ಮುಂದೆ ಸ್ಕ್ಯಾನ್ ಚಿತ್ರದಲ್ಲಿ ಗೆಡ್ಡೆಯ ಸುತ್ತ ಗೆರೆ ಎಳೆಯಲು ಬಳಕೆಯಾಯಿತು. 1992ರಲ್ಲಿ ರೂಡಿನ್, ಓಶರ್, ಫತೇಮಿ ಮೂವರು ಅಂಚು ಉಳಿಸಿ ಗೊಂದಲ ತೆಗೆಯುವ ಇನ್ನೊಂದು ವಿಧಾನ ಕೊಟ್ಟರು. ಅದರ ಬೇರುಗಳೂ ಆಘಾತ ತರಂಗದ ಗಣಿತದಲ್ಲಿವೆ.

ಸಿಮ್ಯುಲೇಶನ್, ಚಿತ್ರದ ವಿಶ್ಲೇಷಣೆ ಈ ಎರಡು ಕೆಲಸಗಳು ಕೈ ಹಿಡಿಯುವ ಜಾಗದ ಒಂದು ತುದಿ ನಮ್ಮ ಹಾಸನದಲ್ಲಿದೆ. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗ ಕಾಣುವ ದೊಡ್ಡ ದೊಡ್ಡ ತಟ್ಟೆ ಆಂಟೆನಾಗಳು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್‌ನವು. 1982ರಲ್ಲಿ ಸ್ಥಾಪನೆಯಾದ ಈ ಕೇಂದ್ರ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ನಿಂತಲ್ಲೇ ಇರುವಂತೆ ಕಾಣುವ ನಮ್ಮ ಭೂಸ್ಥಿರ ಉಪಗ್ರಹಗಳನ್ನು ಜಾಗ ಬಿಡದಂತೆ ನೋಡಿಕೊಳ್ಳುತ್ತದೆ. ಸೂರ್ಯ ಚಂದ್ರರ ಸೆಳೆತಕ್ಕೆ ಉಪಗ್ರಹ ಎತ್ತ ಸರಿಯುತ್ತದೆ ಎಂದು ಮುಂಚಿತವಾಗಿ ಲೆಕ್ಕ ಹಾಕಿ ಅದನ್ನು ಮೆಲ್ಲಗೆ ತಳ್ಳುತ್ತಿರಬೇಕು. 2016ರಲ್ಲಿ ಹಾರಿದ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಹವಾಮಾನದ ಉಪಗ್ರಹಗಳು. ಚಿತ್ರಗಳ ವಿಶ್ಲೇಷಣೆ ನಡೆಯುವುದು ಹಾಸನದಲ್ಲಲ್ಲ, ದೆಹಲಿ, ಅಹಮದಾಬಾದುಗಳಲ್ಲಿ. ಆದರೆ ಉಪಗ್ರಹ ನೆಟ್ಟ ನೋಟ ಕದಲಿಸಿದರೆ ಆ ವಿಶ್ಲೇಷಣೆಗೆ ಅರ್ಥವೇ ಇಲ್ಲ.

ಏಕೆಂದರೆ ಆ ಚಿತ್ರಗಳಿಂದ ಗಾಳಿಯನ್ನು ಅಳೆಯುತ್ತಾರೆ. ಅರಬ್ಬಿ ಸಮುದ್ರದ ನಡುವೆ ಗಾಳಿ ಅಳೆಯಲು ಕಂಬ ನೆಟ್ಟವರಿಲ್ಲ. ಹಾಗಾಗಿ ಅರ್ಧ ಗಂಟೆಯ ಅಂತರದ ಎರಡು ಚಿತ್ರ ತೆಗೆದುಕೊಂಡು, ಮೊದಲನೆಯದರಲ್ಲಿನ ಮೋಡದ ಒಂದು ತುಂಡು ಎರಡನೆಯದರಲ್ಲಿ ಎಲ್ಲಿ ಹೋಗಿದೆ ಎಂದು ಹುಡುಕುತ್ತಾರೆ. ತುಂಡನ್ನು ಸುತ್ತಲೂ ಸರಿಸಿ ಸರಿಸಿ, ಸಂಖ್ಯೆಗಳ ವ್ಯತ್ಯಾಸ ಎಲ್ಲಿ ಅತಿ ಕಡಿಮೆಯೋ ಅಲ್ಲಿ ನಿಲ್ಲುವುದು. ಉಷ್ಣ ಕಿರಣದ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ ಸುಮಾರು 4 ಕಿಲೋಮೀಟರ್. ಮೋಡ ಒಂಬತ್ತು ಪಿಕ್ಸೆಲ್ ಸರಿದಿದ್ದರೆ ಅರ್ಧ ಗಂಟೆಗೆ 36 ಕಿಲೋಮೀಟರ್, ಗಂಟೆಗೆ 72. ಮೋಡ ತಣ್ಣಗಿದ್ದಷ್ಟೂ ಎತ್ತರದಲ್ಲಿದೆ ಎಂಬ ಲೆಕ್ಕದಿಂದ ಆ ಗಾಳಿ ಯಾವ ಮಟ್ಟದ್ದು ಎಂದೂ ಅಂದಾಜಾಗುತ್ತದೆ. ಹೀಗೆ ಸಿಕ್ಕ ಗಾಳಿಯೇ ಮುನ್ಸೂಚನೆಯ ಮಾದರಿಗೆ ಶುರುವಿನ ಅಳತೆಯಾಗಿ ಹೋಗುತ್ತದೆ. ಒಂದು ಚಿತ್ರದ ಲೆಕ್ಕ ತಪ್ಪಿದರೆ ರಿಚರ್ಡ್‌ಸನ್ನನ ಒರಟುತನ ಮತ್ತೆ ಒಳಗೆ ನುಗ್ಗಿದ ಹಾಗೆ.

ನಮ್ಮೂರಿನ ಬೆಟ್ಟಗಳು ಇಲ್ಲೂ ಒಂದು ತೊಡಕು ಇಡುತ್ತವೆ. ಮುಳ್ಳಯ್ಯನಗಿರಿಯ ತಲೆಯ ಮೇಲೆ ಟೋಪಿಯಂತೆ ಕೂತ ಮೋಡವನ್ನು ಚಿಕ್ಕಮಗಳೂರಿನವರೆಲ್ಲ ನೋಡಿದ್ದಾರೆ. ಅದು ಗಂಟೆಗಟ್ಟಲೆ ಅಲ್ಲೇ ಇರುತ್ತದೆ. ಮೇಲೆ ಹೋಗಿ ನಿಂತರೆ ಗಾಳಿ ಮನುಷ್ಯನನ್ನೇ ನೂಕುತ್ತಿರುತ್ತದೆ! ಗಾಳಿ ಒಂದು ಬದಿಯಲ್ಲಿ ಏರುವಾಗ ಮೋಡ ಹುಟ್ಟುತ್ತಾ, ಇನ್ನೊಂದು ಬದಿಯಲ್ಲಿ ಇಳಿಯುವಾಗ ಕರಗುತ್ತಾ ಇರುವುದರಿಂದ ಟೋಪಿ ಮಾತ್ರ ನಿಂತಲ್ಲೇ ಕಾಣುತ್ತದೆ. ಚಿತ್ರವನ್ನಷ್ಟೇ ನಂಬಿದ ಲೆಕ್ಕ ಅಲ್ಲಿ ಗಾಳಿಯೇ ಇಲ್ಲ ಎಂದುಬಿಡುತ್ತದೆ. ಅದಕ್ಕೇ ಇಂಥ ಉತ್ತರಗಳನ್ನು ಮಾದರಿಯ ಹಿಂದಿನ ಅಂದಾಜಿನ ಜೊತೆ ಒರೆಗೆ ಹಚ್ಚಿ, ಹೊಂದದಿದ್ದರೆ ಬದಿಗೆ ಸರಿಸುತ್ತಾರೆ.

ಮಳೆಗಾಲದಲ್ಲಿ ಮಾಮೂಲಿ ಕ್ಯಾಮೆರಾ ಉಪಗ್ರಹಕ್ಕೆ ಮಲೆನಾಡು ಎಂದರೆ ಬರೀ ಬಿಳಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ, ತೋಟ ಕೊಚ್ಚಿಹೋದ ದಿನಗಳಲ್ಲಿ ಮೇಲಿನಿಂದ ನೋಡಿದರೆ ಮೋಡವಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ರೇಡಾರ್ ಉಪಗ್ರಹಗಳಿಗೆ ಮೋಡ ಅಡ್ಡಿಯಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್ 12 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಮರಳಿ ಬರುತ್ತದೆ. ಅದರ ರೇಡಾರಿನ ಉದ್ದನೆಯ ಅಲೆ ಸಿಲ್ವರ್ ಓಕಿನಂಥ ನೆರಳು ಮರಗಳ ಎಲೆಗಳ ನಡುವೆ ನುಸುಳಬಲ್ಲದು. ಆ ಚಿತ್ರಗಳು ಸಾಸಿವೆ ಚೆಲ್ಲಿದಂತೆ ಚುಕ್ಕಿ ಚುಕ್ಕಿಯಾಗಿರುತ್ತವೆ; ಅವನ್ನು ನಯಗೊಳಿಸಲು ಮತ್ತೆ ಬದು ಕಟ್ಟುವ ವಿಧಾನವೇ ಬೇಕು. ಇಳಿಜಾರು ಮಿಲಿಮೀಟರುಗಳ ಲೆಕ್ಕದಲ್ಲಿ ಜರುಗುತ್ತಿದೆಯೇ ಎಂದು ಎರಡು ಭೇಟಿಗಳ ಅಲೆಗಳನ್ನು ಹೋಲಿಸಿ ಹೇಳಬಹುದು. ಯಾವ ರಾತ್ರಿ ಕುಸಿಯುತ್ತದೆ ಎಂದು ಹೇಳಲು ಮಣ್ಣಿನೊಳಗೆ ನೀರು ಇಳಿಯುವ ಸಿಮ್ಯುಲೇಶನ್ ಬೇಕು. ಅದಕ್ಕೆ ಪ್ರತಿ ಗುಡ್ಡದ ಮಣ್ಣಿನ ಗುಣ ಗೊತ್ತಿರಬೇಕು, ಆ ಅಳತೆಗಳು ಕೈಗೆ ಬರುವುದು ಸುಲಭವಲ್ಲ.

ಈಗ ಉಳಿದ ಅರ್ಧ ಉತ್ತರ. ‘ಮೊಬೈಲಿನ ಮಸುಕು ಮುನ್ಸೂಚನೆಯನ್ನು ಮತ್ತೆ ಚೂಪು ಮಾಡಬಹುದಲ್ಲ, ಮಸುಕು ಫೋಟೋವನ್ನು ಚೂಪು ಮಾಡುವ ಹಾಗೆ?’ ಎಂದು ಪಕ್ಕದ ತೋಟದವರೇ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಗದ್ದೆಯ ನಿಯಮವನ್ನು ಹಿಂದಕ್ಕೆ ಓಡಿಸಿದರಾಯಿತು ಎನಿಸುತ್ತದೆ. ಅವರದೇ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಉದ್ದನೆಯ ಸಾಲಿನಲ್ಲಿ ತೋಟಗಳಿಗೆ ಒಂದು ಬಿಟ್ಟು ಒಂದಕ್ಕೆ 120, 40, 120, 40 ಎಂದು ಮಳೆ ಬಿದ್ದಿದೆ. ಕಾಲುಭಾಗದ ನಿಯಮವನ್ನು ಒಂದೇ ಒಂದು ಹೆಜ್ಜೆ ಓಡಿಸಿ. 120 ಇದ್ದದ್ದು ಎರಡೂ ಕಡೆ 20 ಕೊಟ್ಟು 80 ಆಗುತ್ತದೆ. 40 ಇದ್ದದ್ದು ಎರಡೂ ಕಡೆಯಿಂದ 20 ಪಡೆದು 80 ಆಗುತ್ತದೆ. ಎಲ್ಲೆಲ್ಲೂ 80. ಇನ್ನೊಂದು ಊರಿನಲ್ಲಿ ಮೊದಲೇ ಎಲ್ಲರಿಗೂ ಸಮನಾಗಿ 80 ಬಿದ್ದಿದ್ದರೆ ಅಲ್ಲೂ ಹೆಜ್ಜೆಯ ನಂತರ 80. ಈ ಎರಡು ಸಾಲುಗಳನ್ನು ನೋಡಿ ಯಾವುದು ಯಾವ ಊರು ಎಂದು ಹೇಳಿ ನೋಡೋಣ! ಹೇಳಲಾಗದು. ಮಾಹಿತಿ ಅಡಗಿಲ್ಲ, ಅಳಿಸಿಯೇ ಹೋಗಿದೆ. ಪೂರ್ತಿ ಅಳಿಸದೆ ಚೂರು ಉಳಿದಿದ್ದರೂ ಹಿಂದಕ್ಕೆ ಓಡಿಸುವಾಗ ಅಳತೆಯ ಕಣದಷ್ಟು ತಪ್ಪು ಬೆಟ್ಟವಾಗಿ ಬೆಳೆಯುತ್ತದೆ.

ಹಾಗಾಗಿ ಚೂಪು ಮಾಡುವ ಎಲ್ಲ ವಿಧಾನಗಳೂ, ಇಂದಿನ ಕೃತಕ ಬುದ್ಧಿಮತ್ತೆಯದ್ದೂ ಸೇರಿ, ಹೊರಗಿನಿಂದ ಒಂದು ತಿಳಿವಳಿಕೆಯನ್ನು ತಂದು ಸೇರಿಸುತ್ತವೆ. ಇಂಥ ಗಾಳಿ ಬೀಸಿದಾಗ ಈ ಗುಡ್ಡದ ಈ ಮಗ್ಗುಲಿಗೆ ಹೆಚ್ಚು, ಆ ಮಗ್ಗುಲಿಗೆ ಕಡಿಮೆ ಎನ್ನುವ ಹಳೆಯ ದಾಖಲೆ ಇದ್ದರೆ, 80 ಎಂಬ ಒಂದು ಸಂಖ್ಯೆಯನ್ನು 120 ಮತ್ತು 40 ಎಂದು ಬಿಡಿಸುವ ಧೈರ್ಯ ಗಣಿತಕ್ಕೆ ಬರುತ್ತದೆ. ಆರು ಕಿಲೋಮೀಟರಿನ ಚೌಕದೊಳಗಿನ ಆ ದಾಖಲೆ ದೆಹಲಿಯಲ್ಲೂ ಇಲ್ಲ, ಉಪಗ್ರಹದಲ್ಲೂ ಇಲ್ಲ. ಅದು ಮಲೆನಾಡಿನ ತೋಟದ ಮನೆಗಳ ಗೋಡೆಯ ಮೊಳೆಗೆ ನೇತಾಡುತ್ತಿದೆ.

ಕಳೆದ ತಿಂಗಳು ಪಕ್ಕದ ತೋಟದವರು ತಮ್ಮ ಮನೆಯ ಹಳೆಯ ಮಳೆ ಪುಸ್ತಕಗಳನ್ನು ಗೋಣಿಚೀಲದಲ್ಲಿ ಕಟ್ಟಿ ತಂದುಕೊಟ್ಟರು. ಗೆದ್ದಲು ತಿಂದ ಎರಡನ್ನು ಬಿಟ್ಟು ಉಳಿದದ್ದನ್ನು ದಿನಕ್ಕೆ ಹತ್ತು ಪುಟದಂತೆ ಕಂಪ್ಯೂಟರಿಗೆ ಏರಿಸುತ್ತಿದ್ದೇನೆ. ಅವರ 120 ನನ್ನ ಬಳಿ ಇದೆ. ಹಳ್ಳದಾಚೆಯ 40 ಇನ್ನೂ ಸಿಗಬೇಕು.